ಕೇತನ ತಾಮ್ರ

ನಾನು ಆ ಊರಿಗೆ ಹೋದದ್ದು ಸತ್ತವನೊಬ್ಬನ ಕೊರಳ ಪದಕವನ್ನು ಅವನ ತಾಯಿಯ ಕೈಗೆ ಒಪ್ಪಿಸುವುದಕ್ಕೆ. ಅದಕ್ಕೆ ಒಂದು ಗಳಿಗೆ ಸಾಕಾಗಿತ್ತು. ನಾನು ಏಳು ತಿಂಗಳು ತೆಗೆದುಕೊಂಡೆ. ಹದಿನಾರನೆಯ ವಯಸ್ಸಿನಿಂದ ಊರೂರು ಅಲೆದ ನಾನು ಒಂದೇ ಚಾಪೆಯ ಮೇಲೆ ಅಷ್ಟು ದಿನ ಮಲಗಿದ್ದು ಅದೊಂದೇ ಸಲ. ಆದ್ದರಿಂದಲೇ ಇರಬೇಕು, ಮೂವತ್ತು ವರ್ಷಗಳ ಮೇಲೂ, ಯಾವುದೋ ಊರಿನ ಯಾವುದೋ ಛತ್ರದಲ್ಲಿ ಬೆಳಗಾದಾಗ, ಕಲ್ಲಿನ ಮೇಲೆ ಚಿಪ್ಪು ಉಜ್ಜುವ ಸದ್ದಿಗಾಗಿ ನನ್ನ ಕಿವಿ ಒಂದು ಕ್ಷಣ ಕಾಯುತ್ತದೆ.

ಸತ್ತವನ ಹೆಸರು ಕೇತ. ಬಂದರಿನ ಊರೊಂದರ ಧರ್ಮಾಸ್ಪತ್ರೆಯಲ್ಲಿ ಅವನದು ಹದಿನಾಲ್ಕನೆಯ ಮಂಚ, ನನ್ನದು ಹದಿನೈದು. ನನಗೆ ಕಾಮಾಲೆ, ಅವನಿಗೆ ಎದೆಯ ಕಾಯಿಲೆ. ಬಸ್ ನಿಲ್ದಾಣಗಳಲ್ಲಿ ಕೊಂಡ ಅಗ್ಗದ ಕಾದಂಬರಿಗಳು ನನ್ನ ಗಂಟಿನಲ್ಲಿದ್ದವು. ನನ್ನ ವಿದ್ಯೆಯೆಲ್ಲ ಅವುಗಳದ್ದೇ. ಅಕ್ಷರ ಬಾರದ ಅವನಿಗೆ ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಕೊಲೆಗಾರ ಯಾರೆಂದು ತಿಳಿಯುವ ಮೊದಲೇ ಅವನು ನಿದ್ದೆ ಹೋಗುತ್ತಿದ್ದ. ಅವನ ಕೊರಳಲ್ಲಿ ನೂಲಿನ ದಾರಕ್ಕೆ ಕಟ್ಟಿದ ಪದಕವೊಂದಿತ್ತು. ನಡುವೆ ಬಡಿದು ತೆಳ್ಳಗಾಗಿಸಿದ ತಾಮ್ರದ ಬಿಲ್ಲೆ. ಅದರ ಮೇಲಂಚಿಗೆ ಹೊಳೆಯ ಚಿಪ್ಪಿನ ತುಣುಕು. ಕೆಳಗೆ ಜೋಲುವ ಒಂದು ಹಾಲುಹಲ್ಲು. ಹಿಂದುಗಡೆ, ಎದೆಗೆ ತಾಗುವಂತೆ, ಹುಣಸೆಬೀಜದಷ್ಟು ಕರಿಯ ಕಲ್ಲು.

ಊರು ಯಾಕೆ ಬಿಟ್ಟೆಯೆಂದು ಒಮ್ಮೆ ಕೇಳಿದೆ. "ನಮ್ಮೂರಾಗೆ ಯಾರೂ ಮುಖ ನೋಡಲ್ಲ ಕಣಣ್ಣ, ಎದೆ ನೋಡ್ತಾರೆ. ಮುಖ ನೋಡಿ ಗುರ್ತು ಹಿಡಿಯೋ ಊರು ಬೇಕಾಗಿತ್ತು ನಂಗೆ" ಎಂದು ನಕ್ಕ. ನಗು ಕೆಮ್ಮಿಗೆ ತಿರುಗಿತು. ಅಷ್ಟರಲ್ಲಿ ಬಂದ ದಾದಿ ಕೈಯಲ್ಲಿದ್ದ ಸೀಸೆಯನ್ನೇ ನೋಡುತ್ತ, "ಹದಿನಾಲ್ಕು, ಬಾಯಿ ತೆಗಿ" ಎಂದಳು.

ಕೊನೆಯ ದಿನ ಅವನೇ ಪದಕವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ದಾರಿ ಹೇಳಿದ: ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುತ್ತದೆ, ನಡುವೆ ಊರು, ತಾಯಿಯ ಹೆಸರು ದುಂಡಮ್ಮ, ಪದಕ ಮಾಡುವವಳು. "ಅವ್ವನ ಕೈಗೇ ಕೊಡು. ಮುಷ್ಟಿಯಾಗೆ ಹಿಡ್ಕಂಡು ಹೋಗು. ಕೊರಳಿಗೆ ಮಾತ್ರ ಹಾಕ್ಕಬ್ಯಾಡ." ಹಾಗೆ ಹೇಳಿದ ಮಾತನ್ನು ಮೀರದ ನಾಯಕನನ್ನು ನಾನು ಓದಿದ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಆದರೂ ನಾನು ಬೇಕೆಂದು ಮೀರಲಿಲ್ಲ. ಹೊಳೆಯ ದಡದಲ್ಲಿ ಹರಿಗೋಲು ಹತ್ತುವಾಗ ಒಂದು ಕೈ ತಲೆಯ ಮೇಲಿನ ಗಂಟಿಗೆ ಬೇಕಾಯಿತು, ಇನ್ನೊಂದು ಅಂಚು ಹಿಡಿಯಲು ಬೇಕಾಯಿತು. ಅಷ್ಟು ಹೊತ್ತಿಗೆ ಮಾತ್ರವೆಂದು ಪದಕವನ್ನು ಕೊರಳಿಗೆ ಇಳಿಬಿಟ್ಟುಕೊಂಡೆ.

ಹರಿಗೋಲಿನವನು ಹುಟ್ಟನ್ನು ಕೈಬಿಟ್ಟ. "ಲೋ ಕೇತ! ಎಂಟು ವರ್ಷ ಎಲ್ಲಿ ಸತ್ತಿದ್ಯೋ ಪಾಪಿ!" ಎಂದು ನನ್ನನ್ನು ತಬ್ಬಿದ. ಅವನು ಬೊಮ್ಮಣ್ಣ, ಕೇತನ ಬಾಲ್ಯದ ಗೆಳೆಯ.

"ನಾನು ಕೇತನಲ್ಲ" ಎಂದೆ.

"ಹಂಗಾದ್ರೆ ನಾನೂ ಬೊಮ್ಮಣ್ಣ ಅಲ್ಲ, ಹರಿಗೋಲು ತಾನಾಗೇ ಹೋಯ್ತಾ ಐತೆ, ಕೂತ್ಕ" ಎಂದು ಗಹಗಹಿಸಿದ.

ದುಂಡಮ್ಮ ಅಂಗಳದಲ್ಲಿ ಕೂತು ನೀರು ತುಂಬಿದ ಕಲ್ಲುಬಾನಿಯೊಳಗೆ ಕೈ ಮುಳುಗಿಸಿ ಚಿಪ್ಪಿಗೆ ತೂತು ಕೊರೆಯುತ್ತಿದ್ದಳು. ನೀರಿನೊಳಗೆ ಕೊರೆದರೆ ಚಿಪ್ಪು ಸೀಳುವುದಿಲ್ಲ, ಧೂಳು ಮೂಗಿಗೆ ಏರುವುದಿಲ್ಲ. ಅವಳು ಎದ್ದು ಬಂದು ನನ್ನ ಮುಖವನ್ನು ನೋಡಲಿಲ್ಲ. ಒದ್ದೆ ಬೆರಳುಗಳಿಂದ ಪದಕವನ್ನು ತಿರುಗಿಸಿ, ಹಲ್ಲನ್ನೂ ಕಲ್ಲನ್ನೂ ಮುಟ್ಟಿ, "ದಾರ ಸವೆದೈತೆ" ಎಂದಳು. ಅದನ್ನು ನನ್ನ ಎದೆಯ ಮೇಲೆ ನೆಟ್ಟಗೆ ಮಾಡಿ, "ಉಂಡ್ಯಾ?" ಎಂದಳು. ಆಮೇಲೆ ಹಿಂದೆ ಸರಿದು ಅಳೆದು ನೋಡಿ, "ಎತ್ತರ ಆಗಿದ್ದೀಯ. ಅಲ್ಲಿ ನೀರು ಚೆಂದಾಗಿರಬೇಕು" ಎಂದಳು.

ಸೋದರಮಾವನ ಮನೆಯಲ್ಲಿ ಬೆಳೆದ ನನ್ನನ್ನು ಉಂಡೆಯಾ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಉಂಡದ್ದು ಸಾಕು ಎಂದು ಹೇಳಿದವರಿದ್ದರು. ನಾಳೆ ಹೇಳಿದರಾಯಿತೆಂದು ಅಂದು ಉಂಡೆ. ಮರುದಿನವೂ ಉಂಡೆ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಸ್ನಾನ ಮಾಡಿ, ಗೂಟಕ್ಕೆ ತೂಗುಹಾಕಿದ್ದ ಪದಕವನ್ನು ಮರೆತು ಹೊರಗೆ ಬಂದೆ. ಅಂಗಳದಲ್ಲಿದ್ದ ದುಂಡಮ್ಮ ತಲೆಯೆತ್ತಿ, "ಯಾರಪ್ಪ ನೀನು? ಬಿಸಿಲಾಗೆ ಬಂದಿದ್ದೀಯ, ನೀರು ಕುಡೀತೀಯಾ?" ಎಂದು ಚೊಂಬಿಗೆ ಕೈ ಹಾಕಿದಳು. ನಾನು ಒಳಗೆ ಓಡಿ, ಪದಕ ಹಾಕಿಕೊಂಡು ಬಂದೆ. "ಜಳಕ ಆಯ್ತಾ ಮಗಾ? ಈಗ ಯಾರೋ ಬಂದಿದ್ರು. ನೀರೂ ಕುಡೀದೆ ಹೋದ್ರು, ಪಾಪ" ಎಂದಳು.

ಆ ಊರಿನವರ ನೆನಪು ಪದಕವನ್ನು ಹಿಡಿದು ನಿಲ್ಲುತ್ತಿತ್ತು, ಮುಖವನ್ನಲ್ಲ. ಅವರು ಅದಕ್ಕೆ ಹೊಂದಿಕೊಂಡಿದ್ದರು. ಸ್ನಾನಘಟ್ಟದ ಮೆಟ್ಟಿಲುಗಳಲ್ಲಿ ಮನೆಗೊಂದರಂತೆ ಗೂಟಗಳಿದ್ದವು. ಆದರೂ ಪದಕ ಅದಲುಬದಲಾಗುವುದಿತ್ತು. ಬೊಮ್ಮಣ್ಣನ ಅಪ್ಪ ಹಲಗಪ್ಪಜ್ಜ ಒಮ್ಮೆ ಭಾವಮೈದುನನ ಪದಕ ಹಾಕಿಕೊಂಡು ಅವನ ಮನೆಗೇ ನಡೆದು, ಕೋಳಿಸಾರಿನ ಊಟ ಮುಗಿಸಿ, ಮತ್ತೆ ಘಟ್ಟಕ್ಕೆ ಹೋಗಿ ತನ್ನದನ್ನು ಹಾಕಿಕೊಂಡು, ಮನೆಗೆ ಬಂದು ಇನ್ನೊಂದು ಊಟ ಮಾಡಿದ್ದನಂತೆ. "ತಪ್ಪಾಗಿ ಹಾಕ್ಕಂಡ್ಯಾ, ಬೇಕಂತ ಹಾಕ್ಕಂಡ್ಯಾ?" ಎಂದು ಕೇಳಿದರೆ, "ಸಾರಿನ ವಾಸನೆ ಬರೋವರ್ಗೂ ತಪ್ಪಾಗೇ ಹಾಕ್ಕಂಡಿದ್ದೆ" ಎನ್ನುತ್ತಿದ್ದ. ಸತ್ತವರ ಪದಕವನ್ನು ಬಿಡಿಸುತ್ತಿದ್ದರು. ಚಿಪ್ಪು ಹೊಳೆಗೆ, ಹಲ್ಲು ಹೊಸ್ತಿಲಡಿಗೆ, ಕಲ್ಲು ಮನೆಯ ಮುಂಗೋಡೆಗೆ. ಬಿಡಿಸಿ, ತಾಮ್ರವನ್ನು ಮತ್ತೆ ಬಡಿದ ಮೇಲೆ ಸತ್ತವರ ಹೆಸರು, ಮಾತು, ನಡಿಗೆ ಯಾವುದೂ ಯಾರಿಗೂ ಉಳಿಯುತ್ತಿರಲಿಲ್ಲ. ಗೋಡೆಯ ಕಲ್ಲನ್ನು ಮುಟ್ಟಿ, "ಇದು ನಮ್ಮೋರು" ಎನ್ನುತ್ತಿದ್ದರು, ಅಷ್ಟೇ.

ತಾಮ್ರ ಮಾತ್ರ ಹುಟ್ಟಿದ ಮಗುವಿಗೆ. ಗುಡ್ಡದ ತಾಮ್ರ ತೀರಿ ಎರಡು ತಲೆಮಾರಾಗಿತ್ತು. ಊರಿನಲ್ಲಿದ್ದ ಬಿಲ್ಲೆಗಳಷ್ಟೇ ತಿರುಗುತ್ತಿದ್ದವು. ಪೇಟೆಯ ಚೊಂಬನ್ನು ಬಡಿದು ಒಂದು ಮಗುವಿಗೆ ಕಟ್ಟಿ ನೋಡಿದ್ದರಂತೆ. ಊರೆಲ್ಲ ಆ ಮಗುವನ್ನು ಪಾತ್ರೆ ಮಾರುವವನೆಂದು ತಿಳಿದು ಬೆಲೆ ಕೇಳತೊಡಗಿದ್ದರಿಂದ ಅದನ್ನು ಕೈಬಿಟ್ಟರು.

ನಾನು ಬಂದ ಐದನೆಯ ತಿಂಗಳಲ್ಲಿ ಬೊಮ್ಮಣ್ಣನ ಹೆಂಡತಿ ಚೆಲುವಿ ಹೆಣ್ಣುಮಗು ಹೆತ್ತಳು. ಆ ವರ್ಷ ಊರಿನಲ್ಲಿ ಯಾರೂ ಸತ್ತಿರಲಿಲ್ಲ. ಅಥವಾ, ಸತ್ತಿರಲಿಲ್ಲವೆಂದು ಊರು ತಿಳಿದಿತ್ತು. ಪದಕವಿಲ್ಲದ ಮಗು ಕಣ್ಣಿಗೆ ಬಿದ್ದಷ್ಟು ಹೊತ್ತು, ಮೈಗೆ ತಾಗಿದ್ದಷ್ಟು ಹೊತ್ತು ಮಾತ್ರ ನೆನಪಿನಲ್ಲಿರುತ್ತದೆ. ಚೆಲುವಿ ಅದನ್ನು ಎದೆಗೆ ಕಟ್ಟಿಕೊಂಡೇ ಬೀಸಿದಳು, ಕುಟ್ಟಿದಳು, ಮಲಗಿದಳು. ಅಂಥ ತಾಯಿ ಸೊಂಟಕ್ಕೆ ಕೆಂಪು ವಸ್ತ್ರ ಸುತ್ತಿಕೊಳ್ಳಬೇಕು, ಅದನ್ನು ಕಂಡವರೆಲ್ಲ "ಕೂಸು ಐತೇನವ್ವ?" ಎಂದು ಕೇಳಬೇಕು. ಅವಳು ಬೀದಿಗೆ ಬಂದರೆ ಸಾಕು, ಕಟ್ಟೆಯಿಂದ, ಕಿಟಕಿಯಿಂದ, ಮರದ ಮೇಲಿನಿಂದಲೂ ಆ ಕೂಗು ಕೇಳುತ್ತಿತ್ತು. ಸೊಸೆಯ ಪಾಡು ನೋಡಲಾರದೆ ಹಲಗಪ್ಪಜ್ಜ ಒಂದು ಮಧ್ಯಾಹ್ನ ತನ್ನ ಪದಕವನ್ನು ಮಗುವಿನ ಕೊರಳಿಗೆ ಹಾಕಿದ. ಮನೆಯವರು ಮಗುವಿಗೆ ಎಲೆಯಡಿಕೆ ಕೊಟ್ಟು, "ಮಾವಾ, ಹಲ್ಲಿಲ್ಲ ನಿಮಗೆ, ಕುಟ್ಟಿ ಕೊಡ್ಲಾ?" ಎಂದು ಕೇಳಿದ್ದನ್ನು ಕಂಡು ತಾನೇ ತೆಗೆದುಕೊಂಡ.

"ಕೂಸಿಗೆ ಒಂದು ತಾಮ್ರ ಸಿಗವಲ್ದು ಕಣೋ ಕೇತ" ಎಂದು ಬೊಮ್ಮಣ್ಣ ಒಂದು ದಿನ ಹರಿಗೋಲಿನಲ್ಲಿ, ಎದುರು ಕೂತ ಚೆಲುವಿಯ ಎದೆಯ ಮೇಲಿನ ಮಗುವನ್ನು ನೋಡುತ್ತ ಹೇಳಿದ. "ನೀನು ಬಂದೆ ಅಂತ ಖುಷಿ ಪಟ್ಟೆ. ಈಗ ಯಾರಾದ್ರೂ ಸಾಯ್ಲಿ ಅಂತ ಕಾಯ್ತಾ ಇದ್ದೀನಿ. ಎಂಥ ಬಾಳು ನೋಡು." ನನ್ನ ಎದೆಯ ಮೇಲಿನ ಬಿಲ್ಲೆ ಬಿಸಿಲಿಗೆ ಕಾದಿತ್ತು. ನಾನು ನೀರನ್ನು ನೋಡಿದೆ. ಕಾರಣಗಳಿಗೆ ಕೊರತೆಯಿರಲಿಲ್ಲ: ಮುದುಕಿ ತಡೆದುಕೊಳ್ಳಲಾರಳು, ಮುಂದಿನ ವಾರ ಹೇಳಬಹುದು, ಮಗುವನ್ನು ಮರೆಯದವನು ಊರಿನಲ್ಲಿ ನಾನೊಬ್ಬನಿದ್ದೇನಲ್ಲ, ನಾನೇ ಕಾಯುತ್ತೇನೆ.

ಏಳನೆಯ ತಿಂಗಳಲ್ಲಿ ಒಂದು ದಿನ, ಹೊತ್ತು ನೆತ್ತಿಗೆ ಬರುವ ಮುನ್ನ, ಚೆಲುವಿ ಬಟ್ಟೆಯ ಹೆಡಿಗೆ ಹೊತ್ತು ಹೊಳೆಯಿಂದ ಬರುತ್ತಿದ್ದಳು. ಸೊಂಟದಲ್ಲಿ ಕೆಂಪು ವಸ್ತ್ರವಿರಲಿಲ್ಲ. ಎದೆಯ ಮೇಲೆ ಮಗುವಿರಲಿಲ್ಲ.

"ಚೆಲುವಿ, ಕೂಸೆಲ್ಲಿ?"

"ಯಾವ ಕೂಸಣ್ಣ?" ಅವಳು ನಕ್ಕಳು. "ಆದಾಗ ಆಗ್ಲಿ. ನನ್ ಗಂಡನಿಗಿಲ್ಲದ ಅವಸರ ನಿಂಗ್ಯಾಕೆ?"

ಅವಳ ರವಿಕೆ ಹಾಲಿನಿಂದ ತೊಯ್ದಿತ್ತು. ಅದನ್ನು ಅವಳು ಒಗೆದ ನೀರೆಂದುಕೊಂಡಿದ್ದಳು.

ನಾನು ಓಡಿದೆ. ನೆನೆದ ಕೆಂಪು ವಸ್ತ್ರ ಬಂಡೆಯ ಮೇಲೆ ಒಣಗುತ್ತಿತ್ತು. ಬಂಡೆಯ ಆಚೆ, ಹೊಂಗೆಯ ನೆರಳಿನಲ್ಲಿ, ಬುಟ್ಟಿಯೊಳಗೆ ಮಗುವಿತ್ತು. ಅತ್ತು ಅತ್ತು ದನಿ ಹೋಗಿತ್ತು. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಕೆನ್ನೆಯ ಮೇಲೆ ಕೆಂಜಿಗದ ಸಾಲು. ಒರೆಸಿ, ವಸ್ತ್ರದಲ್ಲಿ ಸುತ್ತಿ, ಎತ್ತಿಕೊಂಡು ಬಂದು ಬೊಮ್ಮಣ್ಣನ ಮನೆಯ ಹೊಸ್ತಿಲು ದಾಟಿದೆ. ಚೆಲುವಿ ಎದ್ದು ನಿಂತು, "ಅಯ್ಯೋ, ಯಾರ ಕೂಸಣ್ಣ ಇದು? ಹಿಂಗಾ ಬಿಡೋದು!" ಎಂದಳು. ಮಗು ಅವಳ ಕಡೆಗೆ ಕತ್ತು ಹೊರಳಿಸಿತು. ಅವಳು ತನ್ನ ರವಿಕೆಯನ್ನು ನೋಡಿಕೊಂಡಳು, ವಸ್ತ್ರವನ್ನು ನೋಡಿದಳು, ಕುಸಿದು ಕೂತು ಮಗುವನ್ನು ಎಳೆದುಕೊಂಡು ಮೊಲೆಗೆ ಹಚ್ಚಿದಳು. ಕಣ್ಣೀರು ಸುರಿಯುತ್ತಿತ್ತು. "ನಂದೇ ಇರಬೇಕು, ಅಲ್ವಾ ಅಣ್ಣ? ನಂದೇ ಅಲ್ವಾ?" ಎಂದು ಕೇಳುತ್ತಲೇ ಇದ್ದಳು.

ಅಲ್ಲಿಂದ ನೇರವಾಗಿ ದುಂಡಮ್ಮನ ಅಂಗಳಕ್ಕೆ ಬಂದೆ. ಪದಕವನ್ನು ಕೊರಳಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ.

ಅವಳು ಮೊದಲು ಪದಕವನ್ನು, ಆಮೇಲೆ ಅಪರಿಚಿತನಾದ ನನ್ನನ್ನು ನೋಡಿದಳು. ಯಾರ ಕೊರಳಲ್ಲೂ ಇಲ್ಲದ ಪದಕದ ಅರ್ಥ ಅವಳಿಗೆ ಹೇಳಬೇಕಾಗಿರಲಿಲ್ಲ. "ಎಲ್ಲಿ?" ಎಂದಳು. ಬಂದರಿನ ಊರು, ಹದಿನಾಲ್ಕನೆಯ ಮಂಚ, ಎಲ್ಲವನ್ನೂ ಹೇಳಿದೆ.

"ಸುಳ್ಳು. ಏಳು ತಿಂಗಳಿಂದ ಇಲ್ಲೇ ಇದ್ದ. ಬೆಳಿಗ್ಗೆ ಉಂಡು ಹೋದ."

"ಅದು ನಾನು."

"ಯಾವ ಸೊಪ್ಪಿಗೆ ಮುಖ ಸಿಂಡರಿಸ್ತಿದ್ದೆ?"

"ಬಸಳೆ."

"ನೀನೇ" ಎಂದಳು. "ನನ್ ಮಗ ಬಸಳೆ ಅಂದ್ರೆ ಪ್ರಾಣ ಬಿಡೋನು. ಪರಸ್ಥಳದಾಗೆ ನಾಲಿಗೆ ಕೆಟ್ಟೈತೆ ಅಂದ್ಕಂಡಿದ್ದೆ." ಒದ್ದೆ ಬೆರಳುಗಳನ್ನು ಮೊದಲ ಬಾರಿಗೆ ನನ್ನ ಮುಖದ ಮೇಲೆ, ಹುಬ್ಬಿನಿಂದ ಗದ್ದದವರೆಗೆ ಎಳೆದಳು. ಆ ಕೈಯಿಂದಲೇ ಕೆನ್ನೆಗೆ ಹೊಡೆದಳು. "ನನ್ ಮಗನ ಸಾವನ್ನ ಕೊಳ್ಳಾಗೆ ಹಾಕ್ಕಂಡು ಏಳು ತಿಂಗಳು ನನ್ ಕೈಲಿ ಉಂಡ್ಯಲ್ಲೋ."

ಚೆಲುವಿಯ ಮಗುವಿನ ಸಂಗತಿಯನ್ನಷ್ಟೇ ಹೇಳಿದೆ. ಅವಳು ಕೇಳಿಸಿಕೊಂಡು, ಪದಕವನ್ನು ಮಡಿಲಿಗೆ ಹಾಕಿಕೊಂಡು, ಒಲೆಗೆ ಇದ್ದಿಲು ಸುರಿದಳು.

"ಹೊರಗಿನೋನು ನೀನು. ಮರೆಯಲ್ಲ, ಅಲ್ವಾ?"

"ಇಲ್ಲ."

"ಹಂಗಾದ್ರೆ ನನ್ ಕಣ್ಣಿಗೆ ಕಾಣೋ ಹಂಗೆ ಕೂತ್ಕ. ಏಳಬ್ಯಾಡ. ನಾನು ಹೇಳ್ತೀನಿ. ನೀನು ಇಟ್ಕ."

ಕೇತ ಕುಂಬಳಕಾಯಿಗೆ ಹೆದರುತ್ತಿದ್ದ. ಮಲಗುವ ಮುನ್ನ ಚಾಪೆಯನ್ನು ಮೂರು ಸಲ ಕೊಡವುತ್ತಿದ್ದ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಏರಿತ್ತು. ಅಪ್ಪನದೇ ಇರಬೇಕಾದ ಕಲ್ಲೊಂದನ್ನು ಗೋಡೆಗೆ ಒತ್ತಿದ ದಿನ, ಅದು ಯಾರೆಂದು ಮರೆತ ಮೇಲೂ, ಅದರ ಮುಂದೆ ಒಂದು ರೊಟ್ಟಿ ಇಟ್ಟು ಬಂದಿದ್ದ. ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿ ಅವಳು ಹೇಳುತ್ತ ಹೋದಳು. ನಡುನಡುವೆ, "ಏನಂದೆ, ಹೇಳು" ಎಂದು ನನ್ನಿಂದ ಒಪ್ಪಿಸಿಕೊಂಡಳು. ಕೇತನ ಹೆಸರು ಕೇಳಿ ಬೊಮ್ಮಣ್ಣ, ಚೆಲುವಿ, ಹಲಗಪ್ಪಜ್ಜ ಬಂದು ಅಂಗಳದಂಚಿನಲ್ಲಿ ಕೂತರು. ನಾನು ಯಾರೆಂದು ದುಂಡಮ್ಮ ಅವರಿಗೆ ಹೇಳಿದಳು. ಬೊಮ್ಮಣ್ಣ ನನ್ನ ಮುಖ ನೋಡಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ದಾರವನ್ನು ಕತ್ತರಿಸಿದಳು. ಹಾಲುಹಲ್ಲನ್ನು ಹೊಸ್ತಿಲಡಿಗೆ ಹೂತಳು, ಕಲ್ಲನ್ನು ಗೋಡೆಯ ಹಸಿಮಣ್ಣಿಗೆ ಒತ್ತಿದಳು, ಚಿಪ್ಪನ್ನು ನನ್ನ ಕೈಗೆ ಕೊಟ್ಟಳು. ಕೆಂಪಗೆ ಕಾದ ತಾಮ್ರವನ್ನು ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಲೇ ಹೇಳುತ್ತಿದ್ದಳು: "ಮೊದ್ಲನೇ ಹಲ್ಲು ಬಿದ್ದಾಗ ಅದನ್ನ ಬಾಯಾಗೇ ಇಟ್ಕಂಡು ಮೂರು ದಿನ ತುಟಿ ಬಿಚ್ಚಲಿಲ್ಲ. ಗದರಿಸಿದ್ರೂ ಇಲ್ಲ, ಬೆಲ್ಲ ತೋರಿಸಿದ್ರೂ ಇಲ್ಲ. ನಾಕನೇ ದಿನ ತಾನಾಗೇ ಬಾಯಿ ತೆಗೆದು ಏನಂದ ಗೊತ್ತಾ..."

ಸುತ್ತಿಗೆ ಬಿತ್ತು. ಬಿಲ್ಲೆಯ ಮೇಲಿನ ಹಳೆಯ ಅಂಚು ಅಳಿಯಿತು. ಅವಳು ನಿಲ್ಲಿಸಿದಳು.

"ಏನಂದ?" ಎಂದೆ.

"ಯಾರು?" ಎಂದಳು.

ಬೊಮ್ಮಣ್ಣ ಅಂಗಳದಂಚಿನಲ್ಲಿ, ತಾನು ಯಾಕೆ ಅಳುತ್ತಿದ್ದೇನೆಂದು ತಿಳಿಯದೆ ಕಣ್ಣೊರೆಸಿಕೊಂಡು ಸುತ್ತ ನೋಡಿದ.

ಮಗುವಿನ ಪದಕಕ್ಕೆ ಇನ್ನೊಂದು ಹಲ್ಲು ಬೇಕಾಗಿತ್ತು. ಮಗುವಿನ ಹಾಲುಹಲ್ಲು ಬೀಳುವವರೆಗೆ, ತಾಯಿಯಲ್ಲದೆ ಅದನ್ನು ಮೊದಲು ಎತ್ತಿಕೊಂಡು ಹೊಸ್ತಿಲು ದಾಟಿಸಿದವರ ಹಲ್ಲನ್ನು ಕಟ್ಟುತ್ತಾರೆ, ಅವರನ್ನು ಹಲ್ಲುನೆಂಟರೆನ್ನುತ್ತಾರೆ. ಮುಂದೆ ಸ್ವಂತ ಹಲ್ಲು ಬಿದ್ದ ದಿನ ಹಲ್ಲುನೆಂಟನನ್ನು ಕರೆದು, ಎಲೆ ಹಾಕಿ ಬಡಿಸಿ, ಅವನ ಹಲ್ಲನ್ನು ಅವನಿಗೆ ಒಪ್ಪಿಸುತ್ತಾರೆ. ಚೆಲುವಿ ಮಗುವನ್ನು ಒಂದು ಗಳಿಗೆಯೂ ಯಾರ ಕೈಗೂ ಕೊಟ್ಟಿರಲಿಲ್ಲ. ಹೊಸ್ತಿಲು ದಾಟಿಸಿದವನು ನಾನೆಂದು ಹೇಳಿದೆ. ದುಂಡಮ್ಮ ಚಿಪ್ಪು ಕೊರೆಯುವ ಬಿಲ್ಲಿನ ನಾರನ್ನು ನನ್ನ ಹಿಂದಿನ ಹಲ್ಲಿಗೆ ಸುತ್ತಿದಳು.

"ಮೆಲ್ಲಗೆ ಕಣವ್ವ" ಎಂದ ಹಲಗಪ್ಪಜ್ಜ. "ಎಲ್ಲಾ ಕಿತ್ಕಬ್ಯಾಡ, ಪಾಪ, ಯಾವೂರೋ ಏನೋ, ಉಣ್ಣಾಕೆ ನಾಲ್ಕು ಬಿಡು."

ಕಿತ್ತಳು. ತೊಳೆದಳು. ನೀರಿನೊಳಗೆ ಹಿಡಿದು ತೂತು ಕೊರೆದಳು. ತಾಮ್ರ, ಹೊಸ ಚಿಪ್ಪು, ನನ್ನ ಹಲ್ಲು, ಚೆಲುವಿ ಆರಿಸಿ ತಂದ ಬಿಳಿಕಲ್ಲು ಎಲ್ಲವನ್ನೂ ದಾರಕ್ಕೆ ಪೋಣಿಸಿ ಮಗುವಿನ ಕೊರಳಿಗೆ ಕಟ್ಟಿ, "ನೀಲಿ" ಎಂದು ಮೂರು ಸಲ ಕೂಗಿದಳು. ಚೆಲುವಿ ಮಗುವನ್ನು ಚಾಪೆಯ ಮೇಲೆ ಮಲಗಿಸಿದಳು. ಎದ್ದಳು. ಮನೆಯ ಹಿಂದಕ್ಕೆ ಹೋದಳು. ನಾವೆಲ್ಲ ಕಾದೆವು. ಗೋಡೆಯಾಚೆಯಿಂದ ಅವಳ ದನಿ ಬಂತು: "ನೀಲೀ! ನೀಲಿ ಅಳ್ತಾ ಇದ್ದಾಳಾ?" ಅಳುತ್ತಿರಲಿಲ್ಲ. ಅವಳಿಗೆ ಕೂಗಬೇಕಿತ್ತು, ಅಷ್ಟೇ. ಅವಳು ಮೂರು ಸಲ ಹೋಗಿ ಮೂರು ಸಲ ಕೂಗಿದಳು.

ನಾನು ಚಿಪ್ಪನ್ನು ಹೊಳೆಗೆ ಬಿಡಲು ಹೋದೆ. ಮರಳಿ ಬಂದಾಗ ಅಂಗಳದಲ್ಲಿ ದುಂಡಮ್ಮ ಒಬ್ಬಳೇ ಇದ್ದಳು. ಗೋಡೆಯ ಹೊಸ ಕರಿಗಲ್ಲಿನ ಮೇಲೆ ಅವಳ ಅಂಗೈಯಿತ್ತು. ನನ್ನ ಗಂಟು ಜಗಲಿಯ ಮೇಲಿತ್ತು.

"ಯಾರಪ್ಪ ನೀನು? ಬಾಯಿಂದ ರಕ್ತ ಬತ್ತಾ ಐತಲ್ಲ. ನೀರು ಕುಡೀತೀಯಾ?"

ಈ ಸಲ ಕುಡಿದೆ. ಚೊಂಬಿನ ನೀರು ಹಲ್ಲು ಕಿತ್ತ ಜಾಗಕ್ಕೆ ತಣ್ಣಗೆ ತಾಗಿತು. ಕಲ್ಲನ್ನು ತೋರಿಸಿ, "ಯಾರದು ಅವ್ವಾ?" ಎಂದೆ. "ನಮ್ಮೋರು" ಎಂದಳು. ಇನ್ನೊಂದು ಚೊಂಬು ತುಂಬಿ ಕೊಟ್ಟಳು. ಗಂಟು ಹೊತ್ತುಕೊಂಡು ಹೊರಟೆ. ಹೊಳೆ ದಾಟಿಸಿದ ಬೊಮ್ಮಣ್ಣ ದಾರಿಯುದ್ದಕ್ಕೂ ತನ್ನ ಮಗಳು ನೀಲಿಯ ವಿಷಯವನ್ನೇ ಹೇಳಿದ.

ಆಮೇಲೆ ಎರಡು ಸಲ ಆ ಹೊಳೆಯನ್ನು ಹುಡುಕಿದೆ. ಸೀಳುವ ಹೊಳೆಗಳು ಸಿಕ್ಕವು. ಮತ್ತೆ ಕೂಡುವ ಹೊಳೆ ಸಿಗಲಿಲ್ಲ. ಕೇತನ ಕುಂಬಳಕಾಯಿಯ ಭಯ, ಕಿರುಬೆರಳು, ಗೋಡೆಯ ಮುಂದಿನ ರೊಟ್ಟಿ, ಎಲ್ಲವನ್ನೂ ಕೊಟ್ಟಂತೆಯೇ ಇಟ್ಟುಕೊಂಡಿದ್ದೇನೆ. ನಾಲ್ಕನೆಯ ದಿನ ಬಾಯಿ ತೆಗೆದು ಅವನು ಏನಂದನೋ, ಅದೊಂದು ನನ್ನಲ್ಲಿಲ್ಲ. ಅದು ಯಾರಲ್ಲೂ ಇಲ್ಲ.

ನೀಲಿಯ ಹಾಲುಹಲ್ಲು ಬಿದ್ದ ವರ್ಷ ನಾನು ಯಾವ ಊರಿನಲ್ಲಿದ್ದೆನೋ ತಿಳಿಯದು. ಅಂದು ಹಲ್ಲುನೆಂಟನನ್ನು ಕರೆಯಲು ಅವರಿಗೆ ಹೆಸರೇ ಸಿಕ್ಕಿರಲಾರದು. ಆದರೆ ಹಲ್ಲು ಕಣ್ಣೆದುರಿಗಿತ್ತು. ಹಲ್ಲಿದ್ದ ಮೇಲೆ ಅದನ್ನು ಕೊಟ್ಟ ಬಾಯೊಂದಿರಲೇಬೇಕು. ಆ ಊರಿನವರು ಅಷ್ಟನ್ನು ತಪ್ಪದೆ ಊಹಿಸಬಲ್ಲವರು. ಬಾಗಿಲು ತೆರೆದಿಟ್ಟು, ಎಲೆ ಹಾಕಿ, ಹೊತ್ತು ಇಳಿಯುವವರೆಗೆ ಕಾದಿರುತ್ತಾರೆ. ದುಂಡಮ್ಮನೇ ಬಡಿಸಿದ್ದರೆ ಎಲೆಯ ಬಲಕ್ಕೆ ಬಸಳೆ ಇದ್ದೇ ಇರುತ್ತದೆ. ನಾನಲ್ಲಿದ್ದಿದ್ದರೆ ಮುಖ ಸಿಂಡರಿಸದೆ ಉಣ್ಣುತ್ತಿದ್ದೆ.